ಆಟಿಯಲ್ಲಿ ಕಡಿದ ಬೇಲಿ

"ಈ ಬೇಲಿ ಯಾರಿಗೆ ಹೆದರಿ ಇಷ್ಟು ಎತ್ತರ ಬೆಳೆದದ್ದು?"

ಅಕ್ಕು ಕೇಳಿದ್ದು ಯಾರನ್ನೂ ಅಲ್ಲ. ಅಂಗಳದಲ್ಲಿ ನಿಂತು, ಒಂದು ಕೈಯಲ್ಲಿ ಪುಂಡಿಯ ಪಾತ್ರೆ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದುಕೊಂಡು, ತಲೆಗಿಂತ ಒಂದು ಗೇಣು ಮೇಲೆ ಎದ್ದಿದ್ದ ದಾಸವಾಳದ ಬೇಲಿಯನ್ನು ನೋಡಿ ಕೇಳಿದಳು. ಆದರೆ ಅಬುಧಾಬಿಯ ಬನಿಯಾಸಿನ ಆ ವಿಲ್ಲಾಕ್ಕೆ ಅಡುಗೆಮನೆ ಎರಡು, ಎರಡರ ಕಿಟಕಿಯೂ ಅಂಗಳದ ಕಡೆಗೇ. ಈ ಕಡೆಯ ಕಿಟಕಿಯಲ್ಲಿ ಸೌಟಿನ ಸದ್ದು ನಿಂತಿತು. ಆ ಕಡೆಯ ಕಿಟಕಿಯಲ್ಲಿ ಮಿಕ್ಸಿ ನಿಂತಿತು.

"ಮಾಮಿ, ಬೆಳಿಗ್ಗೆ ಎದ್ದ ಕೂಡ್ಲೇ ಶುರು ಮಾಡ್ಬೇಡಿ," ಎಂದಳು ಈ ಕಡೆಯಿಂದ ಹಿರಿಸೊಸೆ ಶರ್ಮಿಳಾ. "ಬೇಲಿ ಯಾರಿಗೂ ಹೆದರಲಿಲ್ಲ. ಬೇಲಿ ಇದ್ದದ್ದಕ್ಕೆ ಕೆಲವರಿಗೆ ಹೊಟ್ಟೆನೋವು, ಅಷ್ಟೇ."

ಆ ಕಡೆಯಿಂದ ಕಿರಿಸೊಸೆ ಹರಿಣಾಕ್ಷಿಯ ಉತ್ತರ ಗೋಡೆಗೆ ಹೇಳಿದ ಹಾಗೆ ಬಂತು. "ಹೊಟ್ಟೆನೋವು ಮೀನು ಎಣಿಸಿ ತಿನ್ನುವವರಿಗೆ ಬರೂದು. ನಮಗಿಲ್ಲಪ್ಪ."

"ಕೇಳಿದ್ರಾ ಮಾಮಿ?"

"ಕಿವಿ ಉಂಟಲ್ಲ," ಎಂದು ಅಕ್ಕು ಪಾತ್ರೆ ಎತ್ತಿಕೊಂಡು ಗೇಟಿನ ಕಡೆಗೆ ನಡೆದಳು.

ಎರಡನೇ ಮಗ ಲತೇಶನಿಗೆ ಹಬೆಯಲ್ಲಿ ಬೆಂದ ಅಕ್ಕಿಯುಂಡೆ ಪುಂಡಿ ಎಂದರೆ ಪ್ರಾಣ. ಅವನ ಬಾಗಿಲು ಇರುವುದು ಬೇಲಿಯ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಬೇಲಿ ರಸ್ತೆಯ ಗೋಡೆಯಿಂದ ಹಿಡಿದು ಮನೆಯ ಮೆಟ್ಟಿಲಿನವರೆಗೆ, ಬೆಕ್ಕಿಗೂ ನುಸುಳಲು ಸಂದಿಲ್ಲದ ಹಾಗೆ ಬೆಳೆದಿತ್ತು. ಆದ್ದರಿಂದ ಅಕ್ಕು ಈ ಗೇಟಿನಿಂದ ರಸ್ತೆಗೆ ಇಳಿದು, ಕಾದ ಕಾಂಕ್ರೀಟಿನ ಮೇಲೆ ಗೋಡೆಯುದ್ದಕ್ಕೂ ನಡೆದು, ಆ ಗೇಟಿನಿಂದ ಒಳಗೆ ಹೋಗಬೇಕು. ಒಬ್ಬ ಮಗನ ಮನೆಯಿಂದ ಇನ್ನೊಬ್ಬ ಮಗನ ಮನೆಗೆ ಹೋಗಲು ಬೀದಿಗೆ ಬೀಳಬೇಕು. ಒಂದು ತಿಂಗಳು ಹಿರಿಯವನಲ್ಲಿ, ಒಂದು ತಿಂಗಳು ಕಿರಿಯವನಲ್ಲಿ ಎಂದು ಅವಳ ಪಾಳಿ. ಪಾಳಿ ಬದಲಾದಾಗೆಲ್ಲ ಬಟ್ಟೆಯ ಗಂಟು ಹಿಡಿದು ರಸ್ತೆಯಲ್ಲಿ ಹೋಗುವ ಮುದುಕಿಯನ್ನು ಎದುರು ಮನೆಯ ಡ್ರೈವರ್ ವಿಚಿತ್ರವಾಗಿ ನೋಡುತ್ತಿದ್ದ.

ಮೊದಲು ಹೀಗಿರಲಿಲ್ಲ. ಹಿರಿಯ ರಿತೇಶ್ ಮುಸಫ್ಫಾದ ಕಬ್ಬಿಣದ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಕಿರಿಯ ಲತೇಶ್ ದುಬೈಯ ಡಿಸ್ಕವರಿ ಗಾರ್ಡನ್ಸಿನಲ್ಲಿದ್ದವನು. ಕಂಪೆನಿ ಅಬುಧಾಬಿಗೆ ಬಂದಾಗ ಅಣ್ಣನೇ ಕರೆದ. ಒಂದು ವಿಲ್ಲಾ, ಒಂದು ಅಡುಗೆಮನೆ. ಒಂದು ಭಾನುವಾರ ಹರಿಣಾಕ್ಷಿಯ ತಮ್ಮ, ಮುಸಫ್ಫಾದ ಕಾರ್ಮಿಕರ ಕ್ಯಾಂಪಿನಲ್ಲಿದ್ದವನು, ಹೇಳದೆ ಕೇಳದೆ ಊಟಕ್ಕೆ ಬಂದ. ಅಂಜಲ್ ಮೀನಿನ ತುಂಡು ಸಾಲಲಿಲ್ಲ. ಶರ್ಮಿಳಾ ಕಾವಲಿಯ ಮುಂದೆ ನಿಂತು, "ಮನೆಯವರ ಲೆಕ್ಕಕ್ಕೆ ಕಾಯಿಸಿದ್ದು. ಇದು ಕ್ಯಾಂಪಿನ ಮೆಸ್ಸಲ್ಲ," ಎಂದಳು. ಹುಡುಗ ಅರ್ಧ ಊಟದಲ್ಲಿ ಕೈ ತೊಳೆದು ಎದ್ದು ಹೋದ. ಮರುವಾರ ಹರಿಣಾಕ್ಷಿ ಹಿಂದಿನ ಕೋಣೆಯನ್ನು ಅಡುಗೆಮನೆ ಮಾಡಿಕೊಂಡಳು. ಅದರ ಮರುವಾರ ಶರ್ಮಿಳಾ ಮೀನಾ ಬಂದರಿನ ಗಿಡದ ಮಾರ್ಕೆಟ್ಟಿನಿಂದ ದಾಸವಾಳದ ಸಸಿ ತಂದು ಅಂಗಳದ ನಟ್ಟನಡುವೆ ಸಾಲಾಗಿ ನೆಟ್ಟಳು. ಅಣ್ಣ ತಮ್ಮ ಆ ಭಾನುವಾರದ ನಂತರ ಒಟ್ಟಿಗೆ ಅನ್ನ ತಿಂದದ್ದಿಲ್ಲ.

ಬೇಲಿಗೂ ಎರಡು ಮುಖ. ಶರ್ಮಿಳಾ ಶನಿವಾರ ಬಂತೆಂದರೆ ಹಗ್ಗ ಎಳೆದು ಕಟ್ಟಿ, ಉದ್ದ ಕತ್ತರಿಯಲ್ಲಿ ತನ್ನ ಕಡೆಯನ್ನು ಗೋಡೆಯ ಹಾಗೆ ಸಪಾಟು ಮಾಡುತ್ತಿದ್ದಳು. ಹರಿಣಾಕ್ಷಿ ತನ್ನ ಕಡೆಯ ಒಂದು ಎಲೆಯನ್ನೂ ಮುಟ್ಟುತ್ತಿರಲಿಲ್ಲ. "ನೆಟ್ಟವರು ಕತ್ತರಿಸ್ಲಿ." ಒಂದು ಕೆನ್ನೆ ಬೋಳಿಸಿ ಇನ್ನೊಂದು ಕೆನ್ನೆಯ ಗಡ್ಡ ಬಿಟ್ಟ ಮುಖದ ಹಾಗಿತ್ತು ಅದು. ಕತ್ತರಿಗೆ ಮೊಗ್ಗು ಸಿಕ್ಕುತ್ತಿದ್ದುದರಿಂದ ಈ ಕಡೆ ಹೂವಿಲ್ಲ. ಆ ಕಡೆ ಕೆಂಪಗೆ, ಗಿಡ ತುಂಬ. ಶರ್ಮಿಳಾಳ ದೇವರಿಗೆ ಇಡುವ ಹೂವನ್ನೂ ಅಕ್ಕು ಆ ಕಡೆಯಿಂದಲೇ ಕೊಯ್ದು ಸೆರಗಿನೊಳಗೆ ಅಡಗಿಸಿ ತರುತ್ತಿದ್ದಳು.

ಆ ದಿನ ಮಧ್ಯಾಹ್ನ ಗಂಜಿ ಊಟದ ಹೊತ್ತಿಗೆ ಅಕ್ಕು ವಿಷಯ ತೆಗೆದಳು.

"ಆಟಿ ಬಂತು ರಿತೇಶ. ಅಪ್ಪನಿಗೆ ಬಡಿಸ್ಬೇಕು."

ಊರಿನಲ್ಲಿ ಆಟಿ ಎಂದರೆ ಹೊರಗೆ ಕಾಲಿಡಲು ಬಿಡದ ಮಳೆಯ ತಿಂಗಳು. ಆ ತಿಂಗಳು ತೀರಿಹೋದವರು ಮನೆಗೆ ಬರುತ್ತಾರೆ. ಎಲೆ ಹಾಕಿ, ಅವರಿಗೆ ಇಷ್ಟದ್ದು ಮಾಡಿ ಬಡಿಸಬೇಕು. ಅಕ್ಕುವಿನ ಗಂಡ ಧರ್ಮಪಾಲ ಹೋದ ಮೇಲಿನ ಎರಡನೇ ಆಟಿ ಇದು. ಮೊದಲ ವರ್ಷ ಇಬ್ಬರು ಮಕ್ಕಳೂ ಬೇರೆಬೇರೆ ಎಲೆ ಹಾಕಿದ್ದರು. ಆಮೇಲೆ ಧರ್ಮಪಾಲ ಅಕ್ಕುವಿನ ಕನಸಿನಲ್ಲಿ ಬಂದು, ಹಸಿವು ಎಂದಿದ್ದ. ಎರಡು ಬಾಗಿಲಲ್ಲಿ ಎರಡು ಎಲೆ ಇಟ್ಟರೆ ಹೋದವನು ಯಾವ ಬಾಗಿಲಿಗೆ ಬಂದಾನು? ರಸ್ತೆಯಲ್ಲೇ ನಿಂತಾನು, ಅಷ್ಟೇ. ಈ ಸಲ ಒಂದೇ ಎಲೆ, ಇಬ್ಬರು ಮಕ್ಕಳು ಎದುರು, ಇಬ್ಬರು ಸೊಸೆಯಂದಿರ ಕೈಯಿಂದ ಬಡಿಸುವುದು. ಅಕ್ಕುವಿಗೆ ಬೇರೆ ಯಾವ ಆಸೆಯೂ ಇರಲಿಲ್ಲ.

"ಬಡಿಸುವ, ಅದಕ್ಕೆಂತ," ಎಂದ ರಿತೇಶ್. "ಇಲ್ಲೇ ಬಡಿಸು. ಅವನಿಗೆ ಬರ್ಲಿಕ್ಕೆ ಹೇಳು."

ಅಕ್ಕು ರಸ್ತೆ ಸುತ್ತಿ ಹೋಗಿ ಹೇಳಿದಳು.

"ಅಣ್ಣ ಇಲ್ಲಿಗೆ ಬರ್ಲಿ," ಎಂದ ಲತೇಶ್. "ನನ್ನ ಭಾವಮೈದನನ್ನು ಊಟದಿಂದ ಎಬ್ಬಿಸಿದ ಮನೆಯಲ್ಲಿ ನಾನು ಕೂತ್ಕೊಳ್ಳೂದಿಲ್ಲ."

"ಅಪ್ಪನಿಗೆ ಬಡಿಸೂದು ಮಾರಾಯ, ನಿನ್ನ ಭಾವಮೈದನಿಗಲ್ಲ."

"ಅಪ್ಪನಿಗೂ ಗೊತ್ತುಂಟು ಅವತ್ತು ಎಂತ ಆಯ್ತು ಅಂತ."

ಅಕ್ಕು ಮತ್ತೆ ರಸ್ತೆ ಸುತ್ತಿ ಬಂದಳು. ಶರ್ಮಿಳಾ ತಟ್ಟೆ ತೊಳೆಯುತ್ತಿದ್ದಳು. "ಎಂತ ಹೇಳಿದ್ರು ದೊರೆಗಳು?"

"ಅಂಗಳದಲ್ಲಿ ಬಡಿಸುವ," ಎಂದಳು ಅಕ್ಕು. "ಅವನ ಮನೆಯೂ ಅಲ್ಲ, ನಿಮ್ಮ ಮನೆಯೂ ಅಲ್ಲ. ನಡುವಿನಲ್ಲಿ. ಆ ಬೇಲಿಯನ್ನು ಸ್ವಲ್ಪ ತಗ್ಗಿಸಿದ್ರೆ..."

"ಬೇಲಿಗೆ ಕೈ ಹಾಕ್ಬೇಡಿ." ಶರ್ಮಿಳಾ ತಿರುಗಿಯೂ ನೋಡಲಿಲ್ಲ. "ನಾನು ಈ ಮರಳಿನಲ್ಲಿ ನೀರು ಹೊತ್ತು ಬೆಳೆಸಿದ್ದು. ಅದರಿಂದಾಗಿ ನಾನು ನೆಮ್ಮದಿಯಲ್ಲಿ ಬಟ್ಟೆ ಒಣಗಿಸ್ತೇನೆ. ಅವಳ ಮುಖ ನೋಡದೆ ಚಾ ಕುಡೀತೇನೆ. ಅದೊಂದು ನನ್ನದು ಮಾಮಿ. ಅದಕ್ಕೆ ಮಾತ್ರ ಕೈ ಹಾಕ್ಬೇಡಿ."

ಅಕ್ಕು ಅಡುಗೆಮನೆಯಿಂದ ಈಚೆ ಬಂದಳು. ಗೋಡೆಯ ಮೇಲೆ ಊರಿನಿಂದ ತಂದ ಕ್ಯಾಲೆಂಡರ್ ಇತ್ತು. ಆಟಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ದಾಸವಾಳದ ಬೇಲಿಯನ್ನು ಊರಿನಲ್ಲಿ ಆಟಿಯಲ್ಲೇ ಕಡಿಯುವುದು. ಮೊಣಕಾಲಿನ ಮಟ್ಟಕ್ಕೆ ಕಡಿದು ಬಿಟ್ಟರೆ ಮಳೆಯ ನೀರಿಗೆ ಮುಂದಿನ ತಿಂಗಳು ಸೋಣಕ್ಕೆ ಚಿಗುರು, ಚೌತಿಗೆ ಹೂ. ಕಡಿದ ಕೋಲನ್ನು ಎಲ್ಲಿ ಚುಚ್ಚಿದರೂ ಬೇರು ಬಿಡುತ್ತದೆ. ಅದು ಅವಳ ಅಮ್ಮ ಮಾಡಿದ್ದು, ಅತ್ತೆ ಮಾಡಿದ್ದು, ಅವಳೂ ಮಾಡಿದ್ದು. ಚಿಗುರಿದ ಮೇಲೆ ಇವಳು ಎಷ್ಟು ಹೊತ್ತು ಸಿಟ್ಟು ಮಾಡಿಯಾಳು?

ಶನಿವಾರ ರಿತೇಶ್, ಶರ್ಮಿಳಾ, ಮಗಳು ಅಶ್ಮಿತಾ ಮೂವರೂ ಡಿಸ್ಕವರಿ ಗಾರ್ಡನ್ಸಿನಲ್ಲಿದ್ದ ಸಂಬಂಧಿಕರು ಆಟಿಯೆಂದು ನೋಡದೆ ಇಟ್ಟುಕೊಂಡಿದ್ದ ಸೀಮಂತಕ್ಕೆ ಹೊರಟರು. ಲತೇಶನಿಗೆ ಡ್ಯೂಟಿ. ಕಾರು ತಿರುವಿನಲ್ಲಿ ಮರೆಯಾಗುವುದೇ ತಡ, ಅಕ್ಕು ಸೆರಗು ಸೊಂಟಕ್ಕೆ ಸಿಕ್ಕಿಸಿ ಶರ್ಮಿಳಾಳ ಕತ್ತರಿ ಹಿಡಿದಳು. ತೆಳು ಕೊಂಬೆಗೆ ಕತ್ತರಿ, ದಪ್ಪ ಬುಡಕ್ಕೆ ರಿತೇಶನ ಗರಗಸ. ಊರಿನ ಕತ್ತಿ ಒಂದು ಇದ್ದಿದ್ದರೆ ಎಂದು ಮೂರು ಸಲ ಶಪಿಸಿದಳು. ಸೂರ್ಯ ಆಗಲೇ ಏರಿದ್ದ. ಕೈಗೆ ಲಯ ಸಿಕ್ಕಿದ ಮೇಲೆ ಬಾಯಿಗೆ ಹಾಡು ಬಂತು. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೆಂಗಸರು ಹೇಳುವ ಸಂಧಿ. ಒಬ್ಬಳು ಸಾಲು ಹೇಳಿದರೆ ಉಳಿದವರು ಅದನ್ನೇ ಎತ್ತಿ ಹೇಳಬೇಕು. ಅಕ್ಕು ಸಾಲು ಹೇಳಿ, ಅಭ್ಯಾಸಬಲದಿಂದ ನಿಲ್ಲಿಸಿ ಕಾಯುತ್ತಿದ್ದಳು. ಎತ್ತಿಕೊಳ್ಳುವವರಿಲ್ಲದೆ ಮುಂದಿನ ಸಾಲಿಗೆ ತಾನೇ ಹೋಗುತ್ತಿದ್ದಳು.

ಅರ್ಧ ಬೇಲಿ ಉರುಳಿದಾಗ ಆ ಕಡೆ ಹರಿಣಾಕ್ಷಿಯ ಮುಖ ಕಂಡಿತು.

"ಅಯ್ಯೋ ಮಾಮಿ! ಅವರು ಬಂದ್ರೆ ನಿಮ್ಮನ್ನು ಬಿಟ್ಟಾರಾ?"

"ನೀನು ಬಾ, ಆ ಕೊಂಬೆ ಎಳಿ."

"ನಾನೆಂತಕ್ಕೆ? ನಾನು ನೋಡ್ಲೇ ಇಲ್ಲ." ಒಳಗೆ ಹೋದವಳು ಒಂದು ಗ್ಲಾಸು ಲಿಂಬೆ ಶರಬತ್ತು ತಂದು ಕಡಿದ ಬೇಲಿಯ ಮೇಲಿನಿಂದಲೇ ಕೊಟ್ಟಳು. ಅಕ್ಕು ಕುಡಿದು ಮುಗಿಸುವುದನ್ನೇ ಕಾದು, ಗ್ಲಾಸು ತಿರುಗಿ ತೆಗೆದುಕೊಂಡು ಬಾಗಿಲು ಹಾಕಿದಳು. ಸಾಕ್ಷಿ ಉಳಿಯಬಾರದಲ್ಲ.

ಕಡಿದ ಕೋಲುಗಳಲ್ಲಿ ಒಳ್ಳೆಯದನ್ನು ಆರಿಸಿ ಅಕ್ಕು ರಸ್ತೆಯ ಗೋಡೆಯ ಬುಡದಲ್ಲಿ ಸಾಲಾಗಿ ಚುಚ್ಚಿದಳು. ಬೇಲಿ ಮೊಣಕಾಲಿಗೆ ಇಳಿದಿತ್ತು. ಈ ಬಾಗಿಲಿನಿಂದ ಆ ಬಾಗಿಲು ಕಾಣುತ್ತಿತ್ತು.

ಸಂಜೆ ಕಾರಿನಿಂದ ಇಳಿದ ಶರ್ಮಿಳಾ ಗೇಟಿನಲ್ಲೇ ನಿಂತಳು. ಸೀಮಂತದಲ್ಲಿ ಕೊಟ್ಟ ಬಳೆಯ ಪೊಟ್ಟಣ ಕೈಯಲ್ಲೇ ಇತ್ತು.

"ಯಾರು?"

"ನಾನೇ," ಎಂದಳು ಅಕ್ಕು. "ಸೋಣಕ್ಕೆ ಚಿಗುರ್ತದೆ. ಮೊದಲಿಗಿಂತ ಚಂದ ಬರ್ತದೆ. ನಿನಗೆ ಗೊತ್ತಿಲ್ಲ, ಆಟಿಯಲ್ಲಿ ಕಡಿದ್ರೆ..."

"ಬೇಡ ಅಂದಿದ್ದೆ. ಒಂದೇ ಒಂದು ವಸ್ತು ಕೇಳಿದ್ದೆ ನಿಮ್ಮಲ್ಲಿ."

"ಗಿಡ ಅಲ್ವಾ ಮಗಾ, ಚಿನ್ನ ಅಲ್ಲ."

"ಚಿನ್ನ ಆಗಿದ್ರೆ ಕಪಾಟಿನಲ್ಲಿ ಇಟ್ಟು ಬೀಗ ಹಾಕ್ತಿದ್ದೆ!" ಶರ್ಮಿಳಾಳ ಧ್ವನಿ ರಸ್ತೆಯವರೆಗೂ ಹೋಯಿತು. "ಇದು ನಿಮ್ಮ ಬುದ್ಧಿ ಅಲ್ಲ. ಆ ಕಡೆಯವರು ಕಲಿಸಿ ಮಾಡಿಸಿದ್ದು."

"ಯಾರು ಕಲಿಸಿದ್ದು?" ಹರಿಣಾಕ್ಷಿ ಬಾಗಿಲಲ್ಲೇ ಇದ್ದಳು. ಈಗ ಇಬ್ಬರ ನಡುವೆ ಎಲೆಯೂ ಇರಲಿಲ್ಲ. "ನಾನು ನಿದ್ದೆಯಲ್ಲಿದ್ದೆ. ನನಗೆಂತ ಗೊತ್ತು? ಕೇಳಿ ನೋಡಿ ಮಾಮಿಯತ್ರ."

ಅಕ್ಕು ಹರಿಣಾಕ್ಷಿಯ ಮುಖ ನೋಡಿದಳು. ಲಿಂಬೆಯ ರುಚಿ ಇನ್ನೂ ನಾಲಗೆಯಲ್ಲಿತ್ತು. "ಅವಳಿಗೆ ಗೊತ್ತಿಲ್ಲ," ಎಂದಳು.

ಅಶ್ಮಿತಾ ಗೋಡೆಯ ಬುಡದ ಕೋಲುಗಳನ್ನು ನೋಡುತ್ತಿದ್ದಳು. "ಅಜ್ಜಿ, ವಾಟ್ ಆಟಿ? ಇಟ್ಸ್ ಫಾರ್ಟಿ ಎಯ್ಟ್ ಡಿಗ್ರೀಸ್."

ಆ ಬಿಸಿಲು ಹೆಚ್ಚು ದಿನ ಕಾಯಲಿಲ್ಲ. ಎಲೆಯ ನೆರಳಿನಲ್ಲೇ ಬೆಳೆದ ಬುಡದ ಕೊಂಬೆಗಳು ಮೊದಲ ಸಲ ಬಿಸಿಲು ಕಂಡು ಬಿಳಿಚಿದವು. ತೊಗಟೆ ಸೀಳಿತು. ಕೋಲುಗಳು ಎರಡೇ ದಿನಕ್ಕೆ ಒಣಗಿ ಬೆಂಕಿಕಡ್ಡಿಯ ಹಾಗಾದವು. ಅಕ್ಕುವಿಗೆ ಗಾಬರಿ. ಗಿಡ ಬಾಡಿದರೆ ನೀರು ಹೊಯ್ಯಬೇಕು, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ನಡುಮಧ್ಯಾಹ್ನ ಪೈಪು ಎಳೆದು ಬುಡ ಬುಡಕ್ಕೆ ಹಿಡಿದಳು. ಶಾಲೆಗೆ ರಜೆ ಇದ್ದ ಅಶ್ಮಿತಾ ಕಿಟಕಿಯಿಂದ ನೋಡಿ ಬರಿಗಾಲಲ್ಲಿ ಓಡಿ ಬಂದು, ಸುಟ್ಟ ಪಾದ ಎತ್ತೆತ್ತಿ ಕುಣಿದಳು.

"ಅಜ್ಜಿ, ಸ್ಟಾಪ್! ಟ್ಯಾಂಕಿನ ನೀರು! ಯು ಆರ್ ಕುಕಿಂಗ್ ದೆಮ್!"

ಅಕ್ಕು ಕೈ ಅಡ್ಡ ಹಿಡಿದಳು. ನೀರು ಚುರ್ರೆಂದಿತು. ತಾರಸಿಯ ಬಿಸಿಲಿಗೆ ಕಾಯುವ ಇದೇ ಟ್ಯಾಂಕಿನ ನೀರನ್ನು ತಾನೇ ರಾತ್ರಿಯೇ ಬಕೆಟಿನಲ್ಲಿ ಹಿಡಿದಿಟ್ಟು, ಆರಿದ ಮೇಲೆ ಬೆಳಿಗ್ಗೆ ಸ್ನಾನಕ್ಕೆ ಬಳಸುತ್ತಿದ್ದಳು. ತನ್ನ ಮೈಗೆ ಗೊತ್ತಿದ್ದದ್ದು ಗಿಡದ ಲೆಕ್ಕಕ್ಕೆ ಬರಲಿಲ್ಲ. ಆಟಿಯಲ್ಲಿ ನೀರು ಸುಟ್ಟೀತು ಎಂದು ಅವಳಿಗೆ ಯಾವ ಹಿರಿಯರೂ ಹೇಳಿಕೊಟ್ಟಿರಲಿಲ್ಲ.

ಬೇಲಿ ಸತ್ತಿತು. ಆದರೆ ಅಕ್ಕು ಎಣಿಸಿದ ಹಾಗೆ ಮುಖ ಮುಖ ಕಂಡು ಯಾರೂ ಮೆತ್ತಗಾಗಲಿಲ್ಲ. ಕಾಣುವುದೇ ಹೊಸ ಜಗಳವಾಯಿತು. ಹರಿಣಾಕ್ಷಿ ಹಗ್ಗದಲ್ಲಿ ಹರವಿದ ನೈಟಿ, ಶರ್ಮಿಳಾಳ ಬಾಗಿಲಿಗೆ ಬಂದ ಪಾರ್ಸೆಲ್, ಯಾರ ಮನೆಗೆ ಯಾವ ಅತಿಥಿ, ಯಾರ ಕಸದ ಚೀಲದಲ್ಲಿ ಎಷ್ಟು ಮೀನಿನ ತಲೆ, ಎಲ್ಲದಕ್ಕೂ ಮಾತು.

"ಇವತ್ತು ಬರೀ ಮೂರು ತಲೆ ಮಾರಾಯ್ರೆ. ಎಣಿಸಿಯೇ ತಂದದ್ದು," ಎಂದು ಹರಿಣಾಕ್ಷಿ.

"ಕಸದ ಚೀಲಕ್ಕೆ ಇಣುಕುವ ಬೆಕ್ಕು ಜಾಸ್ತಿಯಾಗಿದೆ ಈ ಏರಿಯಾದಲ್ಲಿ."

ಮೊದಲು ಹೆಂಗಸರ ಜಗಳವೆಂದು ಮೊಬೈಲಿನೊಳಗೆ ತಲೆ ಹಾಕುತ್ತಿದ್ದ ಗಂಡಸರೂ ಅದಕ್ಕೆ ಬಿದ್ದರು. ಲತೇಶ್ ಕಾರು ತೊಳೆದ ನೀರು ಈ ಕಡೆ ಹರಿಯಿತೆಂದು ರಿತೇಶ್ ಬೊಬ್ಬೆ ಹಾಕಿದ. "ಅಮ್ಮನ ಕೈಯಲ್ಲಿ ಬೇಲಿ ಕಡಿಸಿದೆ, ಇನ್ನು ಮನೆಯೊಳಗೆ ನೀರು ಬಿಡ್ತೀಯಾ?" ಎಂದ. "ಕಡಿಸ್ಲಿಕ್ಕೆ ನನಗೆ ಧೈರ್ಯ ಇದ್ದಿದ್ರೆ ಅವತ್ತೇ ಕಡೀತಿದ್ದೆ," ಎಂದ ಲತೇಶ್. ಅಕ್ಕುವಿನ ಪಾಳಿಯೂ ಹದಗೆಟ್ಟಿತು. ಶರ್ಮಿಳಾ ಅವಳಿಗೆ ಊಟ ಬಡಿಸಿ ಮಾತಿಲ್ಲದೆ ಹೋಗುತ್ತಿದ್ದಳು. ಅನ್ನ, ಸಾರು, ಉಪ್ಪಿನಕಾಯಿ ಎಲ್ಲ ಸರಿಯಾಗಿಯೇ ಇರುತ್ತಿತ್ತು. "ಇನ್ನು ಸ್ವಲ್ಪ ಹಾಕ್ಲಾ?" ಎಂಬ ಒಂದು ಮಾತು ಮಾತ್ರ ಇಲ್ಲ.

ಆಟಿ ಮುಗಿಯುತ್ತ ಬಂತು. ಒಂದು ಸಂಜೆ ವರ್ಕ್‌ಶಾಪಿನ ಪಿಕಪ್ಪಿನಲ್ಲಿ ಕಬ್ಬಿಣದ ಶೀಟುಗಳು ಬಂದವು. ಬಣ್ಣ ಹೊಡೆದು, ಅಳತೆಗೆ ಕತ್ತರಿಸಿ, ಬೇಲಿಗಿಂತಲೂ ಎತ್ತರ. ರಿತೇಶ್ ಅವನ್ನು ಗೋಡೆಗೆ ಒರಗಿಸಿದ.

"ಇದೆಂತ?"

"ನಾಡಿದ್ದು ವೆಲ್ಡಿಂಗಿನವರು ಬರ್ತಾರೆ. ಖಲಾಸ್. ಇದಕ್ಕೆ ನೀರೂ ಬೇಡ, ಕತ್ತರಿಯೂ ಬೇಡ."

"ಹಾಗಾದ್ರೆ ನಾಳೆ ಬಡಿಸ್ತೇನೆ," ಎಂದಳು ಅಕ್ಕು. "ನಾಳೆ ಇಬ್ಬರೂ ಕೂತ್ಕೊಳ್ಳಿ. ನಾಡಿದ್ದು ಬೇಕಾದ್ರೆ ನನ್ನ ಮೇಲೆಯೂ ಶೀಟು ಹಾಕಿ."

ಮರುದಿನ ಅವಳು ಯಾರ ಸಹಾಯವನ್ನೂ ಕೇಳಲಿಲ್ಲ. ಕೋಳಿ ಸಾರು, ಕಡುಬು, ಧರ್ಮಪಾಲನಿಗೆ ಇಷ್ಟವಾದ ಬಂಗುಡೆ, ಅಂಗಡಿಯ ಕೆಸುವಿನ ಎಲೆಯಲ್ಲಿ ಪತ್ರೊಡೆ. ಬಿಸಿಲು ಇಳಿಯುವ ಹೊತ್ತಿಗೆ ಬೇಲಿಯ ಒಣ ಬುಡಗಳ ನಡುವೆ ಒಂದು ಮಣೆ ಇಟ್ಟು, ಅದರ ಮೇಲೆ ಬಾಳೆಎಲೆ ಹಾಸಿದಳು. ದೀಪ ಹಚ್ಚಿದಳು. ದೂರದ ಮಸೀದಿಯಿಂದ ಬಾಂಗು ಬಂತು. ಅದು ಮುಗಿಯುವವರೆಗೆ ಕೈಮುಗಿದು ನಿಂತಳು. ಪ್ರಾರ್ಥನೆ ಯಾರದ್ದಾದರೂ ನಡುವೆ ಮಾತಾಡಬಾರದು ಎಂದು ಅವಳ ಅಜ್ಜಿ ಹೇಳಿಕೊಟ್ಟಿದ್ದಳು.

ಆಮೇಲೆ ಎರಡೂ ಬಾಗಿಲ ಕಡೆಗೆ ಕೂಗಿದಳು. "ರಿತೇಶ! ಲತೇಶ! ಅಪ್ಪ ರಸ್ತೆಯಲ್ಲಿ ನಿಂತಿದ್ದಾರೆ!"

ಮೊದಲು ಲತೇಶ್ ಬಂದ. ಅವನನ್ನು ಕಂಡು ರಿತೇಶ್ ಬಂದ. ಎಲೆಯ ಎರಡು ಕಡೆ ಇಬ್ಬರೂ ನಿಂತರು. ಹರಿಣಾಕ್ಷಿ ತಲೆಗೆ ಸೆರಗು ಹಾಕಿ ಕಡುಬಿನ ಪಾತ್ರೆ ಎತ್ತಿಕೊಂಡಳು. ಕೋಳಿ ಸಾರಿನ ಪಾತ್ರೆ ಹಿರಿಸೊಸೆಗೆ. ಹಿರಿಸೊಸೆ ಬಡಿಸದೆ ಎಲೆ ಶುರುವಾಗುವುದಿಲ್ಲ.

ಶರ್ಮಿಳಾ ಬಂದಳು. ಪಾತ್ರೆ ಮುಟ್ಟಲಿಲ್ಲ.

"ನಾನು ಬಡಿಸ್ತೇನೆ ಮಾಮಿ. ಇವಳ ಪಕ್ಕದಲ್ಲೇ ನಿಂತು ಬಡಿಸ್ತೇನೆ. ಆ ಶೀಟನ್ನೂ ನಾಳೆಯೇ ತಿರುಗಿ ಕಳಿಸ್ತೇನೆ, ಇವರು ಬೇಡ ಹೇಳಿದ್ರೂ. ಒಂದೇ ಮಾತು. ನನ್ನ ಬೇಲಿ ಕಡಿದದ್ದು ತಪ್ಪು ಅಂತ ಎಲ್ಲರ ಎದುರು ಹೇಳಿ."

ಅಕ್ಕು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

"ಕಡಿದ ತಿಂಗಳು ತಪ್ಪು," ಎಂದಳು. "ಇಲ್ಲಿ ಆಟಿಗೆ ಮಳೆ ಇಲ್ಲ. ಪೈಪಿನಲ್ಲಿ ಬೆಂಕಿ ಬರ್ತದೆ. ನಾನು ಊರಿನ ಲೆಕ್ಕ ಹಿಡಿದೆ, ಗಿಡ ಕೊಂದೆ. ಆ ಪಾಪ ನನ್ನದು. ಹೇಳಿದೆ."

"ತಿಂಗಳು ನಾನು ಕೇಳ್ಲಿಲ್ಲ. ಕಡಿದದ್ದು ತಪ್ಪು ಅಂತ ಹೇಳಿ. ಆ ಬೇಲಿ ಅಲ್ಲಿ ಇರ್ಬೇಕಿತ್ತು ಅಂತ ಹೇಳಿ."

ದೀಪ ಬಿಸಿಗಾಳಿಗೆ ಬಾಗಿತು.

"ಹೇಳಿಬಿಡು ಅಮ್ಮ," ಎಂದ ರಿತೇಶ್. "ಒಂದು ಮಾತು. ಅಪ್ಪನ ಊಟ ತಣ್ಣಗಾಗ್ತದೆ."

"ಹೌದಮ್ಮ, ಹೇಳಿಬಿಡು," ಎಂದ ಲತೇಶ್. "ಅಣ್ಣ ಹೇಳೂದು ಸರಿ."

ಅಷ್ಟು ವರ್ಷದಲ್ಲಿ ಅಣ್ಣ ಹೇಳುವುದು ಸರಿ ಎಂದು ತಮ್ಮ ಹೇಳಿದ್ದು ಅದೇ ಮೊದಲು. ಅಕ್ಕು ಇಬ್ಬರ ಮುಖವನ್ನೂ ನೋಡಿದಳು. ಇಬ್ಬರೂ ಅವಳನ್ನೇ ನೋಡುತ್ತಿದ್ದರು, ಅಪ್ಪನದೇ ಹುಬ್ಬು ಗಂಟಿಕ್ಕಿಕೊಂಡು.

"ಹೇಳಿ ಮಾಮಿ," ಎಂದಳು ಹರಿಣಾಕ್ಷಿಯೂ, ಕಡುಬಿನ ಪಾತ್ರೆಯ ಭಾರಕ್ಕೆ ಕೈ ಬದಲಿಸುತ್ತ.

ಅಕ್ಕು ಎಲೆಯ ಮೇಲೆ ಹಾರಿ ಬಂದು ಕೂತಿದ್ದ ಒಂದು ಒಣ ದಾಸವಾಳದ ಎಲೆಯನ್ನು ಎತ್ತಿ ಆಚೆ ಎಸೆದಳು. ಬಟ್ಟಲಿನ ನೀರು ಚಿಮುಕಿಸಿ ಬಾಳೆಎಲೆಯನ್ನು ಮತ್ತೊಮ್ಮೆ ಒರೆಸಿದಳು. ಆಮೇಲೆ ಮಣೆಯ ಪಕ್ಕದಲ್ಲಿ, ಒಣ ಬುಡಗಳ ಸಾಲಿನಲ್ಲೇ, ಚಕ್ಕಳಮಕ್ಕಳ ಹಾಕಿ ಕೂತಳು.

"ಬೇಲಿ ಇರ್ಬೇಕಿತ್ತು ಅಂತ ಅಪ್ಪನ ಎಲೆಯ ಎದುರು ಹೇಳೂದಿಲ್ಲ," ಎಂದಳು.